ಕತ್ತರಿ ಮತ್ತು ಪ್ರತಿಮೆ: ದಕ್ಷಿಣ ಏಷ್ಯದ ಕೊಲಾಜ್ ಕಲೆಯಲ್ಲಿ ಸ್ತ್ರೀತ್ವ

ಅಚ್ಚಾದ ಚಿತ್ರಗಳನ್ನು ಕತ್ತರಿಸಿ, ಬೇರೊಂದು ಕ್ರಮದಲ್ಲಿ ಅಂಟಿಸಿ, ಹೊಸ ಅರ್ಥವನ್ನು ಹೊರಡಿಸುವ ಕೊಲಾಜ್ ಕಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1912ರಲ್ಲಿ ಬ್ರಾಕ್ ಮತ್ತು ಪಿಕಾಸೊ ನಡೆಸಿದ ಪ್ರಯೋಗಗಳಿಂದ ಮೊದಲುಮಾಡಿ, ಪತ್ರಿಕೆಗಳ ಸ್ತ್ರೀಚಿತ್ರಗಳನ್ನು ತುಂಡರಿಸಿ ಸ್ತ್ರೀಪುರುಷಭೇದವನ್ನೇ ಪ್ರಶ್ನಿಸಿದ ಬರ್ಲಿನ್ನಿನ ಹಾನ್ನಾ ಹೋಖ್‌ಳ ಕಡೆಗೆ ಬರುತ್ತಾರೆ. ಆ ವಂಶಾವಳಿ ಯುರೋಪಿಗೆ ಸಲ್ಲತಕ್ಕದ್ದೇ ಸರಿ. ಆದರೆ ಸ್ತ್ರೀತ್ವವನ್ನೂ ಸಲಿಂಗಾನುರಾಗವನ್ನೂ ವಸ್ತುವಾಗಿ ಉಳ್ಳ ದಕ್ಷಿಣ ಏಷ್ಯದ ಕೊಲಾಜಿಗೆ ನಮ್ಮ ಮನೆಗಳಿಗೆ ಹತ್ತಿರವಾದ ಇನ್ನೊಂದು ಮೂಲವುಂಟು.

1894ರಲ್ಲಿ ಮುಂಬಯಿಯಲ್ಲಿ ರಾಜಾ ರವಿವರ್ಮನ ಮುದ್ರಣಾಲಯ ಸ್ಥಾಪಿತವಾದ ತರುವಾಯ ಲಕ್ಷ್ಮೀ ಸರಸ್ವತಿಯರ ಬಣ್ಣದ ಪಟಗಳು ಊರೂರಿನ ದೇವರ ಕೋಣೆಗಳನ್ನು ಸೇರಿ, ಕುಲೀನ ಸ್ತ್ರೀಯ ಮುಖವೂ ಉಡಿಗೆಯೂ ಹೀಗಿರತಕ್ಕದ್ದೆಂಬ ಮಾದರಿಯೊಂದನ್ನು ಜನಮನದಲ್ಲಿ ನೆಲೆಗೊಳಿಸಿದುವು. ಅಂಥ ಪಟಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಿದರೆ, ಮುಖ, ಕೈ, ಪಾದಗಳು ಮಾತ್ರ ಅಚ್ಚಿನಲ್ಲಿದ್ದಂತೆಯೇ ಉಳಿದು, ಸೀರೆಯಿರುವ ಕಡೆ ನಿಜವಾದ ಬಟ್ಟೆ, ಅಂಚಿಗೆ ಜರಿ, ಆಭರಣಗಳ ಮೇಲೆ ಚಮಕಿ ಅಂಟಿರುವುದು ಕಾಣುತ್ತದೆ. ಅಚ್ಚಾಗಿ ಬಂದ ಪ್ರತಿಮೆಯನ್ನು ಪೂಜಿಸುತ್ತಲೇ ಅದನ್ನು ತನ್ನದಾಗಿ ಮಾಡಿಕೊಳ್ಳಬಹುದೆಂಬ ಸ್ವಾತಂತ್ರ್ಯವನ್ನು ಅವನ್ನು ಅಂಟಿಸಿದ, ಹೆಸರು ತಿಳಿಯದ ಕೈಗಳು ಮೊದಲು ತೋರಿದುವು.

ಈ ಸ್ವಾತಂತ್ರ್ಯವನ್ನು ಕಲಾಶಾಲೆಯ ಆವರಣಕ್ಕೆ ತಂದವರಲ್ಲಿ ಬರೋಡೆಯ ಭೂಪೇನ್ ಖಖ್ಖರ್ ಪ್ರಮುಖರು. ಲೆಕ್ಕಪರಿಶೋಧಕ ವೃತ್ತಿಯಲ್ಲಿದ್ದ ಅವರು 1960ರ ದಶಕದಲ್ಲಿ ಬಜಾರಿನ ದೇವರ ಪಟಗಳನ್ನು ಕತ್ತರಿಸಿ ಕೊಲಾಜುಗಳನ್ನು ರಚಿಸಿದರು. ಮುಂದೆ 1981ರ ‘ಯು ಕಾಂಟ್ ಪ್ಲೀಸ್ ಆಲ್’ ಮೊದಲಾದ ವರ್ಣಚಿತ್ರಗಳಲ್ಲಿ ತಮ್ಮ ಸಲಿಂಗಪ್ರೇಮವನ್ನು, ಆ ಕಾಲದಲ್ಲಿ ಅತಿವಿರಳವಾದ ಧೈರ್ಯದಿಂದ, ಬಹಿರಂಗಗೊಳಿಸಿದರು.

ತದನಂತರದ ಪೀಳಿಗೆಯಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಚಿತ್ರಾ ಗಣೇಶ್ ಅವರ ಸಾಧನೆ ವಿಶೇಷವಾಗಿ ಪರಿಶೀಲನಾರ್ಹವಾದದ್ದು. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರ ‘ಅಮರ ಚಿತ್ರಕಥೆ’ ಪರದೇಶದ ಮಕ್ಕಳಿಗೂ ಪುರಾಣವನ್ನು ಒಯ್ದಿತಷ್ಟೆ. ಆ ಪುಟಗಳನ್ನೇ ಬಿಡಿಸಿ ಮರುಜೋಡಿಸಿದ 2002ರ ‘ಟೇಲ್ಸ್ ಆಫ್ ಅಮ್ನೀಸಿಯಾ’ದಲ್ಲಿ, ಆಜ್ಞಾನುವರ್ತಿಗಳಾಗಿದ್ದ ನಾಯಿಕೆಯರು ಕಥೆಯ ಸೂತ್ರವನ್ನು ತಾವೇ ಹಿಡಿಯುತ್ತಾರೆ, ಅವಯವಗಳು ದೇಹದ ಎಲ್ಲೆಯನ್ನು ಮೀರುತ್ತವೆ, ನೀತಿಬೋಧೆಯ ಸ್ಥಾನದಲ್ಲಿ ಬಯಕೆಯ ಮಾತುಗಳು ತಲೆದೋರುತ್ತವೆ. ಇದೇ ಕಾಲದಲ್ಲಿ ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡಗೂಡಿ, ಕತ್ತರಿಯ ಬದಲಿಗೆ ತಮ್ಮ ದೇಹವನ್ನೇ ಸಾಧನವಾಗಿಸಿ, ರವಿವರ್ಮನ ಲಕ್ಷ್ಮಿಯಂಥ ಪ್ರಸಿದ್ಧ ಪ್ರತಿಮೆಗಳನ್ನು ಛಾಯಾಚಿತ್ರದಲ್ಲಿ ಅಭಿನಯಿಸಿದರು. ತೇಜಲ್ ಶಾ 2006ರಲ್ಲಿ ರವಿವರ್ಮನ ಯಶೋದೆಯ ಸ್ಥಾನದಲ್ಲಿ ಹಿಜಡಾ ಸಮುದಾಯದ ಸ್ತ್ರೀಯೊಬ್ಬರನ್ನು ಕುಳ್ಳಿರಿಸಿ, ಮಾತೃತ್ವದ ಹಂಬಲ ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆಯನ್ನು ಎತ್ತಿದರು.

ಪೂಜ್ಯವಾದ ಚಿತ್ರಗಳನ್ನು ಕತ್ತರಿಸುವುದು ಅವಜ್ಞೆಯೆಂದು ಭಾವಿಸುವವರುಂಟು. ಆದರೆ ಬಾಲ್ಯದಿಂದ ತಾವು ಪ್ರೀತಿಸಿದ ಪಟದಲ್ಲಿ ತಮಗೆ ಎಡೆಯಿಲ್ಲವೆಂದು ಕಂಡುಕೊಂಡವರು, ಅದನ್ನು ಒಲೆಗೆ ಹಾಕದೆ, ಅದರೊಳಗೇ ಎಡೆಮಾಡಿಕೊಳ್ಳುವ ಯತ್ನವಿದು; ಇದನ್ನು ಭಕ್ತಿಯ ಒಂದು ಬಗೆಯೆಂದು ಕರೆಯಲು ನಾನು ಅಳುಕುವುದಿಲ್ಲ. ಸಲಿಂಗಸಂಬಂಧವನ್ನು ಅಪರಾಧವೆಂದು ಎಣಿಸಿದ್ದ 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸಲಾರದೆಂದು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ಸಾರಿತು. ನ್ಯಾಯಾಲಯ ಶಿಕ್ಷೆಯ ಭಯವನ್ನು ನೀಗಬಲ್ಲುದು; ಮನುಷ್ಯನ ಕಲ್ಪನೆಯಲ್ಲಿ ಗೌರವದ ಆಸನವನ್ನು ಕಲ್ಪಿಸುವ ಹೊಣೆ ಕಲೆಗೇ ಸೇರಿದ್ದು, ಆ ಹೊಣೆಯನ್ನು ಈ ಕಲಾವಿದರು ತೀರ್ಪಿಗೆ ಬಹುಕಾಲ ಮುಂಚೆಯೇ ಹೊತ್ತಿದ್ದರು.