ವಿಡಿಯೊ ವಾಹಿನಿಗಳ ಆದಾಯ: ಪಾಲು ಮತ್ತು ಅರ್ಹತೆಯ ಇತಿಹಾಸ

೧

ಅಂತರಜಾಲದಲ್ಲಿ ಸ್ವಂತ ವಿಡಿಯೊ ವಾಹಿನಿಯನ್ನು ನಡೆಸಿ ಅದರಿಂದ ಜೀವನೋಪಾಯವನ್ನು ಕಲ್ಪಿಸಿಕೊಳ್ಳುವ ವೃತ್ತಿಯು ಈಚಿನ ಎರಡು ದಶಕಗಳಲ್ಲಿ ಹುಟ್ಟಿ ಬೆಳೆದುದಾಗಿದೆ. ಇದರ ವಿಷಯವಾಗಿ ಎರಡು ಬಗೆಯ ಮಾತುಗಳು ಜನರಲ್ಲಿ ಪ್ರಚಲಿತವಾಗಿವೆ. ಮನೆಯಲ್ಲಿ ಕುಳಿತೇ ಲಕ್ಷಗಟ್ಟಲೆ ಸಂಪಾದಿಸಬಹುದೆಂಬುದು ಒಂದು. ಅದೆಲ್ಲ ಎಲ್ಲೋ ಕೆಲವರು ಅದೃಷ್ಟಶಾಲಿಗಳಿಗೆ ಮಾತ್ರ ಎಂಬುದು ಇನ್ನೊಂದು. ಇವೆರಡೂ ವ್ಯಕ್ತಿಯ ಸಾಮರ್ಥ್ಯವನ್ನೋ ಅದೃಷ್ಟವನ್ನೋ ಕುರಿತ ಮಾತುಗಳೇ ಹೊರತು, ಆ ಆದಾಯಕ್ಕೆ ಆಧಾರವಾದ ಕರಾರನ್ನು ಕುರಿತವಲ್ಲ. ಪ್ರಕೃತ ಲೇಖನದಲ್ಲಿ ಆ ಕರಾರಿನ ಇತಿಹಾಸವನ್ನು, ಮುಖ್ಯವಾಗಿ ಯೂಟ್ಯೂಬ್ ಸಂಸ್ಥೆಯ ನಿದರ್ಶನದಿಂದ, ಪರಿಶೀಲಿಸಲಾಗಿದೆ. ಪಾಲಿನ ಪ್ರಮಾಣವು ಬಹುಕಾಲ ಹೆಚ್ಚು ಬದಲಾಗದೆ ಉಳಿದರೂ, ಪಾಲನ್ನು ಪಡೆಯಲು ಅರ್ಹರು ಯಾರೆಂಬ ನಿಯಮವು ಮಾತ್ರ ಪದೇ ಪದೇ ಬದಲಾಯಿತೆಂಬುದೂ, ವೃತ್ತಿಯ ಭದ್ರತೆಯನ್ನು ನಿರ್ಣಯಿಸಿದುದು ಎರಡನೆಯದೇ ಎಂಬುದೂ ಈ ಪರಿಶೀಲನೆಯಿಂದ ಗೊತ್ತಾಗುತ್ತವೆ.

ಪ್ರಸಾರಮಾಧ್ಯಮದಲ್ಲಿ ವ್ಯಕ್ತಿಯ ಸಾಹಸವು ಹೊಸದೇನೂ ಅಲ್ಲ. ೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆದರೆ ಅದು ವೆಚ್ಚದ ಕಾರ್ಯವಾಗಿತ್ತೇ ವಿನಾ ಆದಾಯದ ಮಾರ್ಗವಾಗಿರಲಿಲ್ಲ. ಮುಂದೆ ಬಾನುಲಿಯೂ ದೂರದರ್ಶನವೂ ಸರಕಾರದ ಸಂಸ್ಥೆಗಳಾಗಿ ಬೆಳೆದಾಗ, ಭಾಷಣಕಾರನಿಗೂ ಗಾಯಕನಿಗೂ ಕಾರ್ಯಕ್ರಮಕ್ಕೆ ಇಷ್ಟೆಂದು ಗೊತ್ತಾದ ಸಂಭಾವನೆ ಸಲ್ಲುತ್ತಿತ್ತು. ಕೇಳುಗರು ನೂರಾಗಲಿ ಲಕ್ಷವಾಗಲಿ, ಆ ಮೊತ್ತದಲ್ಲಿ ವ್ಯತ್ಯಾಸವಿರಲಿಲ್ಲ. ನೋಡುವವರ ಸಂಖ್ಯೆಗೆ ಅನುಗುಣವಾಗಿ ಜಾಹೀರಾತಿನ ಹಣದಲ್ಲಿ ಕರ್ತೃವಿಗೆ ಪಾಲು ದೊರೆಯಬೇಕೆಂಬ ತತ್ತ್ವವು ಅಂತರಜಾಲದ ಕಾಲದಲ್ಲಿ ಬಳಕೆಗೆ ಬಂದಿತು.

೨

ಅಂತರಜಾಲದ ಮೊದಲ ವರ್ಷಗಳಲ್ಲಿ ವಿಡಿಯೊವನ್ನು ಪ್ರಕಟಿಸುವವನಿಗೆ ಜನಪ್ರಿಯತೆಯೇ ಒಂದು ಹೊರೆಯಾಗಿತ್ತು. ನೋಡುವವರು ಹೆಚ್ಚಿದಷ್ಟೂ ದತ್ತಾಂಶ ಸಾಗಣೆಯ ಶುಲ್ಕ ಹೆಚ್ಚುತ್ತಿತ್ತು. ಆ ಶುಲ್ಕವನ್ನು ಪ್ರಕಟಿಸಿದವನೇ ತೆರಬೇಕಾಗಿತ್ತು. ೨೦೦೫ರ ಫೆಬ್ರವರಿಯಲ್ಲಿ ಚಾಡ್ ಹರ್ಲಿ, ಸ್ಟೀವ್ ಚೆನ್, ಜಾವೇದ್ ಕರೀಮ್ ಎಂಬ ಮೂವರು ಅಮೆರಿಕದಲ್ಲಿ ಯೂಟ್ಯೂಬನ್ನು ಸ್ಥಾಪಿಸಿದರು. ಅದೇ ವರ್ಷದ ಏಪ್ರಿಲ್ ೨೩ರಂದು ಅದರಲ್ಲಿ ಮೊದಲ ವಿಡಿಯೊ ಪ್ರಕಟವಾಯಿತು. ಸಂಗ್ರಹದ ಮತ್ತು ಸಾಗಣೆಯ ವೆಚ್ಚವನ್ನೆಲ್ಲ ಸಂಸ್ಥೆಯೇ ವಹಿಸಿಕೊಂಡುದು ಆಗಿನ ಕಾಲಕ್ಕೆ ದೊಡ್ಡ ಸೌಲಭ್ಯವಾಗಿತ್ತು. ಆದರೆ ಪ್ರಕಟಿಸಿದವರಿಗೆ ಅದರಿಂದ ಹಣವೇನೂ ಬರುತ್ತಿರಲಿಲ್ಲ.

ಪಾಲಿನ ತತ್ತ್ವವನ್ನು ಮೊದಲು ಆಚರಣೆಗೆ ತಂದವರು ಇತರರು. ೨೦೦೫ರಲ್ಲಿ ಹುಟ್ಟಿದ ರೆವ್ವರ್ ಎಂಬ ಸಂಸ್ಥೆಯು ಜಾಹೀರಾತಿನ ಆದಾಯದಲ್ಲಿ ಅರ್ಧವನ್ನು ಕರ್ತೃವಿಗೆ ಕೊಡುತ್ತಿತ್ತು. ಮೆಟಾಕೆಫೆ ಎಂಬ ಇನ್ನೊಂದು ಸಂಸ್ಥೆಯು ೨೦೦೬ರಲ್ಲಿ ಸಾವಿರ ವೀಕ್ಷಣೆಗಳಿಗೆ ೫ ಡಾಲರಿನಂತೆ ಸಲ್ಲಿಸುವ ಯೋಜನೆಯನ್ನು ತಂದಿತು. ವೀಕ್ಷಣೆಗಳು ೨೦,೦೦೦ವನ್ನು ಮುಟ್ಟಿದ ವಿಡಿಯೊಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಹೀಗೆ ಪಾಲು ಮತ್ತು ಅರ್ಹತೆಯ ಮಿತಿ ಎಂಬ ಎರಡು ಅಂಶಗಳೂ ಈ ವ್ಯವಸ್ಥೆಯ ಬಾಲ್ಯದಲ್ಲಿಯೇ ಕಾಣಿಸಿಕೊಂಡವೆಂಬುದು ಗಮನಾರ್ಹ.

ಗೂಗಲ್ ಸಂಸ್ಥೆಯು ೨೦೦೬ರ ಅಕ್ಟೋಬರಿನಲ್ಲಿ ಯೂಟ್ಯೂಬನ್ನು ೧೬೫ ಕೋಟಿ ಡಾಲರುಗಳ ಬೆಲೆಗೆ ಕೊಳ್ಳುವುದಾಗಿ ಪ್ರಕಟಿಸಿತು. ೨೦೦೭ರ ಮೇ ತಿಂಗಳಿನಲ್ಲಿ ಜನಪ್ರಿಯರಾದ ಕೆಲವರನ್ನು ಮಾತ್ರ ಸಂಸ್ಥೆಯೇ ಆರಿಸಿ, ಆದಾಯದಲ್ಲಿ ಪಾಲುದಾರರನ್ನಾಗಿ ಮಾಡಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಮತ್ತು ಕೆನಡಗಳ ಇತರರೂ ಅರ್ಜಿ ಸಲ್ಲಿಸಲು ಅವಕಾಶವಾಯಿತು. ಹೀಗೆ ಪಾಲುದಾರಿಕೆಯು ಆಹ್ವಾನದಿಂದ ಆರಂಭವಾಗಿ ಅರ್ಜಿಯ ಮಾರ್ಗವಾಗಿ ಮುಂದುವರಿಯಿತು.

ಇದೇ ಕಾಲದಲ್ಲಿ ಆ ಹಣಕ್ಕೆ ಮೂರನೆಯ ಹಕ್ಕುದಾರನೂ ಒದಗಿದನು. ವಯಾಕಾಂ ಸಂಸ್ಥೆಯು ತನ್ನ ಕೃತಿಸ್ವಾಮ್ಯದ ಉಲ್ಲಂಘನೆಯಾಗಿದೆಯೆಂದು ೨೦೦೭ರ ಮಾರ್ಚಿಯಲ್ಲಿ ಮೊಕದ್ದಮೆ ಹೂಡಿ ೧೦೦ ಕೋಟಿ ಡಾಲರುಗಳ ಪರಿಹಾರವನ್ನು ಕೇಳಿತು. ಆ ವ್ಯಾಜ್ಯವು ೨೦೧೪ರಲ್ಲಿ ರಾಜಿಯಿಂದ ಮುಗಿಯಿತು. ೨೦೦೭ರ ಅಕ್ಟೋಬರಿನಲ್ಲಿ ಯೂಟ್ಯೂಬ್ ಜಾರಿಗೆ ತಂದ ಗುರುತಿಸುವ ಯಂತ್ರವ್ಯವಸ್ಥೆಯು, ಪರರ ಸಂಗೀತವಾಗಲಿ ದೃಶ್ಯವಾಗಲಿ ವಿಡಿಯೊದಲ್ಲಿ ಸೇರಿದ್ದರೆ ಅದನ್ನು ಪತ್ತೆಹಚ್ಚುತ್ತದೆ. ಆಗ ಹಕ್ಕಿನ ಒಡೆಯನು ಆ ವಿಡಿಯೊವನ್ನು ತಡೆಯಬಹುದು, ಇಲ್ಲವೆ ಅದನ್ನು ಹಾಗೆಯೇ ಬಿಟ್ಟು ಅದರ ಜಾಹೀರಾತಿನ ಆದಾಯವನ್ನು ತಾನೇ ಪಡೆಯಬಹುದು. ಹಿನ್ನೆಲೆಯಲ್ಲಿ ಚಲನಚಿತ್ರಗೀತೆಯ ಮುದ್ರಿಕೆಯನ್ನು ಬಳಸಿದ ಎಷ್ಟೋ ವಾಹಿನಿಗಳ ಪರಿಶ್ರಮದ ಫಲವು ಈ ದಾರಿಯಾಗಿ ಅನ್ಯರಿಗೆ ಸಲ್ಲುತ್ತದೆ. ವಿವಾದವು ನಡೆಯುತ್ತಿರುವ ಅವಧಿಯ ಹಣವನ್ನು ಪ್ರತ್ಯೇಕವಾಗಿ ಕಾದಿರಿಸಿ, ಗೆದ್ದವರಿಗೆ ಕೊಡುವುದಾಗಿ ಸಂಸ್ಥೆಯು ೨೦೧೬ರಲ್ಲಿ ಪ್ರಕಟಿಸಿತು.

೩

೨೦೧೨ರಲ್ಲಿ ಎರಡು ಮಹತ್ತ್ವದ ಬದಲಾವಣೆಗಳಾದವು. ಏಪ್ರಿಲಿನಲ್ಲಿ, ಯೋಜನೆಯು ಜಾರಿಯಲ್ಲಿದ್ದ ದೇಶಗಳಲ್ಲಿ ಪಾಲುದಾರಿಕೆಯ ಬಾಗಿಲು ಸಾಮಾನ್ಯ ಬಳಕೆದಾರರಿಗೂ ತೆರೆಯಿತು. ಅಕ್ಟೋಬರಿನಲ್ಲಿ, ವಿಡಿಯೊಗಳನ್ನು ಜನರಿಗೆ ಸೂಚಿಸುವ ಕ್ರಮದಲ್ಲಿ ವೀಕ್ಷಣೆಗಳ ಸಂಖ್ಯೆಗೆ ಬದಲಾಗಿ ವೀಕ್ಷಣೆಯ ಕಾಲಕ್ಕೆ ಪ್ರಾಧಾನ್ಯವನ್ನು ಕೊಡಲಾಯಿತು. ಶೀರ್ಷಿಕೆಯ ಆಕರ್ಷಣೆಯಿಂದ ಒಮ್ಮೆ ಒತ್ತಿ ಮರುಕ್ಷಣವೇ ಹೊರಟುಹೋಗುವ ನೋಟಕ್ಕಿಂತ, ಹತ್ತು ನಿಮಿಷ ಕುಳಿತು ನೋಡುವ ನೋಟಕ್ಕೆ ಬೆಲೆ ಬಂದಿತು. ದೀರ್ಘವಾದ ಪಾಠ, ಪ್ರವಾಸಕಥನ, ಅಡುಗೆಯ ವಿವರಣೆ ಮುಂತಾದ ಪ್ರಕಾರಗಳಿಗೆ ಇದು ಅನುಕೂಲವಾಯಿತು.

ಜಾಹೀರಾತಿನ ಆದಾಯದ ಹಂಚಿಕೆಯು ಈ ಕಾಲದಲ್ಲಿ ಕರ್ತೃವಿಗೆ ಶೇಕಡ ೫೫, ಸಂಸ್ಥೆಗೆ ಶೇಕಡ ೪೫ ಎಂಬಲ್ಲಿ ನೆಲೆಗೊಂಡಿತು. ದೀರ್ಘ ವಿಡಿಯೊಗಳಿಗೆ ಇಂದಿಗೂ ಇದೇ ಪ್ರಮಾಣವಿದೆ. ಆದರೆ ಶೇಕಡ ೫೫ ಎಂಬುದು ಯಾವ ಮೊತ್ತದ ಶೇಕಡ ೫೫ ಎಂಬ ಪ್ರಶ್ನೆಯನ್ನು ಇಲ್ಲಿ ಮರೆಯುವಂತಿಲ್ಲ. ಜಾಹೀರಾತಿನ ಬೆಲೆಯು ಜಾಹೀರಾತುದಾರರ ನಡುವಣ ಹರಾಜಿನಿಂದ ನಿರ್ಧಾರವಾಗುತ್ತದೆ. ನೋಡುವವನು ಯಾವ ದೇಶದವನು, ವಿಷಯ ಯಾವುದು, ಕಾಲ ಯಾವುದು ಎಂಬುವುಗಳನ್ನು ಅವಲಂಬಿಸಿ ಅದು ಏರಿಳಿಯುತ್ತದೆ. ಆದುದರಿಂದ ಸಮಸಂಖ್ಯೆಯ ವೀಕ್ಷಣೆಗಳುಳ್ಳ ಎರಡು ವಾಹಿನಿಗಳ ಆದಾಯವು ಸಮನಾಗಿರಬೇಕಾದುದಿಲ್ಲ. ಕನ್ನಡ ವಾಹಿನಿಯೊಂದನ್ನು ಅಮೆರಿಕದಲ್ಲಿ ನೆಲಸಿದ ಕನ್ನಡಿಗರು ನೋಡಿದರೆ ಅದರಿಂದ ಹೆಚ್ಚಿನ ಹಣ ಬರಬಹುದು. ೨೦೨೧ರ ಬಳಿಕ ಆ ಭಾಗದ ಆದಾಯದಿಂದ, ತೆರಿಗೆಯ ವಿವರಗಳನ್ನು ಸಲ್ಲಿಸಿದ ಭಾರತೀಯರಿಗೆ ಉಭಯ ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಶೇಕಡ ೧೫ರಷ್ಟು ಅಮೆರಿಕದ ತೆರಿಗೆಯನ್ನು ಮುರಿದುಕೊಳ್ಳಲಾಗುತ್ತದೆ.

ಯೂಟ್ಯೂಬಿನ ಭಾರತೀಯ ಆವೃತ್ತಿಯು ೨೦೦೮ರ ಮೇ ತಿಂಗಳಿನಲ್ಲಿ ಆರಂಭವಾದರೂ, ನಮ್ಮಲ್ಲಿ ವೀಕ್ಷಕವರ್ಗವು ವಿಸ್ತಾರವಾದುದು ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಮೊಬೈಲ್ ಡೇಟಾದ ಬೆಲೆ ಇಳಿದ ಮೇಲೆ. ಹಳ್ಳಿಯ ವೀಕ್ಷಕರು ಬಂದಂತೆ ಪ್ರಾದೇಶಿಕ ಭಾಷೆಗಳ ವಾಹಿನಿಗಳೂ ಬಂದವು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಒಂದು ಕುಟುಂಬದವರು ಬಯಲಿನಲ್ಲಿ ಅಡುಗೆ ಮಾಡಿ ತೋರಿಸುವ ವಿಲೇಜ್ ಕುಕಿಂಗ್ ಚಾನೆಲ್ ೨೦೨೧ರಲ್ಲಿ ಒಂದು ಕೋಟಿ ಚಂದಾದಾರರನ್ನು ಪಡೆಯಿತು. ಕನ್ನಡದಲ್ಲಿ ದೇಶಾಂತರಗಳ ಸಂಚಾರವನ್ನು ಚಿತ್ರಿಸುವ ಡಾ. ಬ್ರೋ ವಾಹಿನಿಯೂ, ಕರಾವಳಿಯ ಅಡುಗೆಯನ್ನು ತೋರಿಸುವ ಭಟ್ ಎನ್ ಭಟ್ ವಾಹಿನಿಯೂ ಮನೆಮಾತಾದುವು.

೪

ಈ ವಿಸ್ತಾರದ ಕಾಲದಲ್ಲಿಯೇ ಬಾಗಿಲು ಮತ್ತೆ ಕಿರಿದಾಯಿತು. ೨೦೧೭ರ ಆರಂಭದಲ್ಲಿ ಪ್ರಸಿದ್ಧ ಕಂಪನಿಗಳ ಜಾಹೀರಾತುಗಳು ಉಗ್ರಗಾಮಿಗಳ ವಿಡಿಯೊಗಳೊಡನೆ ಕಾಣಿಸಿಕೊಂಡುದನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಯು ಬಯಲುಮಾಡಲು, ಅನೇಕ ಜಾಹೀರಾತುದಾರರು ಹಿಂದೆಗೆದರು. ಏಪ್ರಿಲಿನಲ್ಲಿ, ವಾಹಿನಿಯ ಒಟ್ಟು ವೀಕ್ಷಣೆಗಳು ೧೦,೦೦೦ವನ್ನು ಮುಟ್ಟುವ ವರೆಗೆ ಅದಕ್ಕೆ ಜಾಹೀರಾತುಗಳಿಲ್ಲವೆಂಬ ನಿಯಮ ಬಂದಿತು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, ೨೦೧೮ರ ಜನವರಿ ೧೬ರಂದು, ಇನ್ನೂ ಕಠಿನವಾದ ನಿಯಮ ಪ್ರಕಟವಾಯಿತು: ೧,೦೦೦ ಚಂದಾದಾರರು, ಮತ್ತು ಹಿಂದಿನ ಹನ್ನೆರಡು ತಿಂಗಳಲ್ಲಿ ೪,೦೦೦ ಗಂಟೆಗಳ ವೀಕ್ಷಣೆ. ಫೆಬ್ರವರಿ ೨೦ರಿಂದ ಇದು ಹಳೆಯ ಪಾಲುದಾರರಿಗೂ ಅನ್ವಯಿಸಿತು. ಅಂದರೆ, ಅದುವರೆಗೆ ಅರ್ಹರಾಗಿದ್ದವರೂ ಮಿತಿಯನ್ನು ಮುಟ್ಟದಿದ್ದರೆ ಅರ್ಹತೆಯನ್ನು ಕಳೆದುಕೊಂಡರು. ೪,೦೦೦ ಗಂಟೆಗಳೆಂದರೆ ೨,೪೦,೦೦೦ ನಿಮಿಷಗಳು. ನಾಲ್ಕು ನಿಮಿಷದ ಒಂದು ಹಾಡನ್ನು ವರ್ಷದಲ್ಲಿ ೬೦,೦೦೦ ಸಲ ಪೂರ್ತಿಯಾಗಿ ನೋಡಿದಾಗ ಆಗುವ ಕಾಲವಿದು.

ಇದರಿಂದ ಬಾಧಿತರಾದವರಲ್ಲಿ ಶೇಕಡ ೯೯ ಮಂದಿ ಹಿಂದಿನ ವರ್ಷ ೧೦೦ ಡಾಲರಿಗಿಂತ ಕಡಮೆ ಸಂಪಾದಿಸಿದ್ದರೆಂದೂ, ಶೇಕಡ ೯೦ ಮಂದಿಗೆ ಹಿಂದಿನ ತಿಂಗಳಲ್ಲಿ ಬಂದುದು ೨.೫೦ ಡಾಲರಿಗಿಂತ ಕಡಮೆಯೆಂದೂ ಸಂಸ್ಥೆಯೇ ತಿಳಿಸಿತು. ಈ ಅಂಕಿಗಳನ್ನು ಎರಡು ರೀತಿಯಾಗಿ ಅರ್ಥೈಸಬಹುದು. ನಷ್ಟವು ಅತ್ಯಲ್ಪವೆಂಬುದು ಸಂಸ್ಥೆಯ ಅರ್ಥ. ಆದರೆ ಅದೇ ಅಂಕಿಗಳು, ಪಾಲುದಾರರೆನಿಸಿಕೊಂಡಿದ್ದ ಬಹುಸಂಖ್ಯಾತರಿಗೆ ಆ ಪಾಲು ಎಂದೂ ಜೀವನೋಪಾಯವಾಗಿರಲಿಲ್ಲವೆಂಬುದನ್ನೂ ಸ್ಪಷ್ಟಪಡಿಸುತ್ತವೆ. ಅವರು ಕಳೆದುಕೊಂಡುದು ಹಣಕ್ಕಿಂತ ಮಿಗಿಲಾಗಿ, ನಿಧಾನವಾಗಿ ಬೆಳೆದು ಸಂಪಾದಿಸುವ ಅವಕಾಶವನ್ನು.

ಈ ಮಿತಿಯು ಎಲ್ಲ ಭಾಷೆಗಳಿಗೂ ಒಂದೇ. ೨೦೧೧ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯಾಗಿ ಉಳ್ಳವರು ನಾಲ್ಕು ಕೋಟಿಗೂ ಮೀರಿದ್ದರೆ, ತುಳುವನ್ನು ಆಡುವವರು ಸುಮಾರು ೧೮ ಲಕ್ಷ, ಕೊಡವ ಭಾಷೆಯನ್ನು ಆಡುವವರು ಸುಮಾರು ೧,೧೪,೦೦೦ ಮಾತ್ರ. ಸಾವಿರ ಚಂದಾದಾರರೆಂಬ ಸಂಖ್ಯೆಯು ಇಂಗ್ಲಿಷ್ ವಾಹಿನಿಗೆ ಸಮುದ್ರದ ಒಂದು ಬಿಂದು. ಕೊಡವ ವಾಹಿನಿಗೆ ಅದು ಆ ಭಾಷೆಯ ಪ್ರತಿ ೧೧೪ ಜನರಲ್ಲಿ ಒಬ್ಬರನ್ನು ಗಳಿಸಿದಂತೆ. ರೂಪದಲ್ಲಿ ಸಮಾನವಾದ ನಿಯಮವು ಫಲದಲ್ಲಿ ಅಸಮಾನವಾಗಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೨೦೧೮ರ ನಿಯಮಕ್ಕೆ ಒಂದು ನ್ಯಾಯವಾದರೂ ಇತ್ತು. ಅನರ್ಹ ವಾಹಿನಿಯು ಪಾಲನ್ನು ಪಡೆಯದಂತೆಯೇ, ಸಾಮಾನ್ಯವಾಗಿ ಅದರಲ್ಲಿ ಜಾಹೀರಾತೂ ಬರುತ್ತಿರಲಿಲ್ಲ. ೨೦೨೦ರ ನವೆಂಬರಿನಲ್ಲಿ ಅಮೆರಿಕದಲ್ಲಿಯೂ, ೨೦೨೧ರಲ್ಲಿ ಇತರ ದೇಶಗಳಲ್ಲಿಯೂ ಜಾರಿಗೆ ಬಂದ ಹೊಸ ಕರಾರಿನಿಂದ ಆ ನ್ಯಾಯವೂ ಇಲ್ಲವಾಯಿತು. ಪಾಲುದಾರರಲ್ಲದವರ ವಿಡಿಯೊಗಳಲ್ಲಿಯೂ ಜಾಹೀರಾತನ್ನು ಹಾಕುವ ಹಕ್ಕನ್ನು ಸಂಸ್ಥೆಯು ಪಡೆದುಕೊಂಡಿತು. ಅವರಿಗೆ ಪಾಲು ಮಾತ್ರ ಇಲ್ಲ. ಮೊದಲು ಅರ್ಹತೆಯ ಗೆರೆಯು ಆದಾಯ ಹುಟ್ಟುವ ಮತ್ತು ಹುಟ್ಟದ ವಿಡಿಯೊಗಳನ್ನು ಬೇರ್ಪಡಿಸುತ್ತಿತ್ತು. ಈಗ ಅದು, ಹುಟ್ಟಿದ ಆದಾಯದಲ್ಲಿ ಪಾಲುಳ್ಳವರನ್ನೂ ಪಾಲಿಲ್ಲದವರನ್ನೂ ಬೇರ್ಪಡಿಸುವ ಗೆರೆಯಾಯಿತು. ಈ ಇತಿಹಾಸದಲ್ಲಿ ಅತ್ಯಂತ ಮುಖ್ಯವಾದ ತಿರುವು ಇದೇ ಎಂದು ನಮ್ಮ ಅಭಿಪ್ರಾಯ.

೫

ಮುಂದಿನ ಘಟ್ಟಕ್ಕೆ ಭಾರತವೇ ರಂಗಭೂಮಿಯಾಯಿತು. ೨೦೨೦ರ ಜೂನ್ ೨೯ರಂದು ಭಾರತ ಸರಕಾರವು ಟಿಕ್‌ಟಾಕ್ ಸೇರಿದಂತೆ ೫೯ ಆ್ಯಪ್‌ಗಳನ್ನು ನಿಷೇಧಿಸಿತು. ಅದನ್ನು ಆಶ್ರಯಿಸಿದ್ದ ಕಲಾವಿದರು ತಮ್ಮ ವೀಕ್ಷಕರನ್ನು ಒಂದೇ ದಿನದಲ್ಲಿ ಕಳೆದುಕೊಂಡರು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಎಂಬ ಕಿರುವಿಡಿಯೊಗಳ ಪ್ರಯೋಗವನ್ನು ಭಾರತದಲ್ಲಿಯೇ ಮೊದಲು ಆರಂಭಿಸಿತು. ೨೦೨೩ರ ಫೆಬ್ರವರಿಯಿಂದ ಇವುಗಳಿಗೂ ಜಾಹೀರಾತಿನ ಪಾಲು ಬಂದಿತಾದರೂ, ಅದರ ಗಣನೆ ಬೇರೆ. ಕಿರುವಿಡಿಯೊಗಳ ನಡುವೆ ಬರುವ ಜಾಹೀರಾತುಗಳ ಹಣವನ್ನು ಒಂದು ರಾಶಿಯಾಗಿ ಕೂಡಿಸಿ, ಸಂಗೀತವನ್ನು ಬಳಸಿದಲ್ಲಿ ಅದರ ಭಾಗವನ್ನು ತೆಗೆದು, ಉಳಿದುದನ್ನು ವೀಕ್ಷಣೆಗಳಿಗೆ ಅನುಸಾರವಾಗಿ ಹಂಚಿ, ಹಾಗೆ ಬಂದ ಭಾಗದಲ್ಲಿ ಶೇಕಡ ೪೫ನ್ನು ಕರ್ತೃವಿಗೆ ಕೊಡಲಾಗುತ್ತದೆ. ಅರ್ಹತೆಗೆ ೧,೦೦೦ ಚಂದಾದಾರರೊಡನೆ ೯೦ ದಿನಗಳಲ್ಲಿ ಒಂದು ಕೋಟಿ ವೀಕ್ಷಣೆಗಳೆಂಬ ಪರ್ಯಾಯ ಮಾರ್ಗವನ್ನೂ ಕಲ್ಪಿಸಲಾಯಿತು. ಅದೇ ವರ್ಷ ೫೦೦ ಚಂದಾದಾರರುಳ್ಳವರಿಗೂ ಕೆಲವು ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಆದರೆ ಅದು ಅಭಿಮಾನಿಗಳು ನೇರವಾಗಿ ಕೊಡುವ ಕಾಣಿಕೆಗೆ ಸಂಬಂಧಿಸಿದುದೇ ಹೊರತು ಜಾಹೀರಾತಿನ ಪಾಲಿಗಲ್ಲ.

ಈ ಉದ್ಯಮದ ಗಾತ್ರವು ಹೊರಗಿನವರಿಗೆ ಗೊತ್ತಾದುದು ತಡವಾಗಿ. ಯೂಟ್ಯೂಬಿನ ಜಾಹೀರಾತಿನ ಆದಾಯವನ್ನು ಅದರ ಒಡೆತನದ ಸಂಸ್ಥೆಯು ಮೊದಲು ಪ್ರತ್ಯೇಕವಾಗಿ ಪ್ರಕಟಿಸಿದುದು ೨೦೨೦ರ ಫೆಬ್ರವರಿಯಲ್ಲಿ. ೨೦೧೯ರಲ್ಲಿ ಅದು ೧,೫೦೦ ಕೋಟಿ ಡಾಲರುಗಳನ್ನು ಮೀರಿದ್ದು, ೨೦೨೪ರಲ್ಲಿ ೩,೬೦೦ ಕೋಟಿಯನ್ನು ಮೀರಿತು. ಹಿಂದಿನ ಮೂರು ವರ್ಷಗಳಲ್ಲಿ ಭಾರತೀಯರಿಗೆ ೨೧,೦೦೦ ಕೋಟಿ ರೂಪಾಯಿಗಳನ್ನು ಸಲ್ಲಿಸಿರುವುದಾಗಿ ಯೂಟ್ಯೂಬಿನ ಮುಖ್ಯಸ್ಥ ನೀಲ್ ಮೋಹನ್ ೨೦೨೫ರ ಮೇ ತಿಂಗಳಿನಲ್ಲಿ ಮುಂಬಯಿಯಲ್ಲಿ ಹೇಳಿದರು. ಈ ಮೊತ್ತದಲ್ಲಿ ಬಿಡಿ ಕರ್ತೃಗಳಲ್ಲದೆ ಕಲಾವಿದರೂ ಮಾಧ್ಯಮ ಕಂಪನಿಗಳೂ ಸೇರಿರುವುದರಿಂದ, ಹಳ್ಳಿಯಲ್ಲಿ ಕುಳಿತು ಕೃಷಿಯ ವಿಡಿಯೊ ಮಾಡುವವನ ಸ್ಥಿತಿಯನ್ನು ಇದರಿಂದ ಊಹಿಸಲಾಗದು. ಒಟ್ಟು ಮೊತ್ತವು ಸಂಪತ್ತಿನ ಪ್ರಮಾಣಕ್ಕೆ ಆಧಾರವಾಗಬಹುದು, ಹಂಚಿಕೆಗೆ ಆಧಾರವಾಗಲಾರದು.

೬

ಮೇಲಣ ಸಂಗತಿಗಳನ್ನು ಒಟ್ಟುಗೂಡಿಸಿ ನೋಡಿದರೆ, ನಮ್ಮ ದಕ್ಷಿಣ ಕನ್ನಡದ ಹಳೆಯ ಭೂವ್ಯವಸ್ಥೆಯು ನೆನಪಿಗೆ ಬರುತ್ತದೆ. ಅಲ್ಲಿ ಮೂಲಗೇಣಿ ಮತ್ತು ಚಾಲಗೇಣಿ ಎಂಬ ಎರಡು ಬಗೆಗಳಿದ್ದುವು. ಮೂಲಗೇಣಿದಾರನ ಹಕ್ಕು ಶಾಶ್ವತ, ಅವನ ಗೇಣಿ ನಿಶ್ಚಿತ. ಚಾಲಗೇಣಿದಾರನನ್ನಾದರೋ ಒಡೆಯನು ಅವಧಿ ತೀರಿದ ಮೇಲೆ ಬಿಡಿಸಬಹುದಾಗಿತ್ತು, ಗೇಣಿಯನ್ನು ಏರಿಸಲೂಬಹುದಾಗಿತ್ತು. ವಿಡಿಯೊ ವಾಹಿನಿಯವನ ಸ್ಥಿತಿಯು ಚಾಲಗೇಣಿಗೆ ಸಮೀಪವಾದುದು. ಅವನ ಕೃತಿಯ ಸ್ವಾಮ್ಯವು ಅವನಲ್ಲಿಯೇ ಉಳಿಯುತ್ತದೆ, ಬೆಳೆ ಅವನದು. ನೆಲವೂ ಸಂತೆಗೆ ಹೋಗುವ ದಾರಿಯೂ ಇನ್ನೊಬ್ಬರವು. ಈ ಹೋಲಿಕೆಗೆ ಮಿತಿಯುಂಟು. ವಾಹಿನಿಯವನು ನೆಲವನ್ನು ಬಿಟ್ಟು ಹೋಗಲು ಸ್ವತಂತ್ರನು, ಅವನು ಕೊಡಬೇಕಾದ ಗೇಣಿಬಾಕಿಯೂ ಇಲ್ಲ. ಆದರೆ ಬಿಟ್ಟುಹೋಗುವಾಗ ವರ್ಷಗಳ ಕಾಲ ಕೂಡಿಸಿದ ಚಂದಾದಾರರನ್ನು ಜೊತೆಯಲ್ಲಿ ಕೊಂಡೊಯ್ಯಲಾರನು.

ಗೇಣಿದಾರರ ಪ್ರಶ್ನೆಗೆ ೧೯೬೧ರ ಭೂಸುಧಾರಣಾ ಶಾಸನವೂ ಅದಕ್ಕೆ ೧೯೭೪ರಲ್ಲಿ ಜಾರಿಗೆ ಬಂದ ತಿದ್ದುಪಡಿಯೂ ಉತ್ತರವನ್ನು ಕೊಟ್ಟವು. ಪ್ರಸ್ತುತ ವಿಷಯದಲ್ಲಿಯೂ ಇಂತಹ ಪ್ರಯತ್ನಗಳ ಆರಂಭವನ್ನು ಕಾಣಬಹುದು. ೨೦೧೯ರ ಜುಲೈಯಲ್ಲಿ ಜರ್ಮನಿಯ ಲೋಹಕಾರ್ಮಿಕರ ಸಂಘವು ಯೂಟ್ಯೂಬ್ ಕರ್ತೃಗಳ ಒಂದು ಒಕ್ಕೂಟದೊಡನೆ ಸೇರಿ, ವಿಡಿಯೊಗಳನ್ನು ಅಳೆಯುವ ಮಾನದಂಡಗಳು ಬಹಿರಂಗವಾಗಬೇಕೆಂಬ ಚಳವಳಿಯನ್ನು ಹೂಡಿತು. ಅದೇ ವರ್ಷ ಐರೋಪ್ಯ ಒಕ್ಕೂಟವು, ಅಂತರಜಾಲದ ಮಧ್ಯವರ್ತಿ ಸಂಸ್ಥೆಗಳು ತಮ್ಮನ್ನು ಆಶ್ರಯಿಸಿದ ವ್ಯಾಪಾರಿಗಳ ಕರಾರನ್ನು ಬದಲಿಸುವ ಮುನ್ನ ಸಾಮಾನ್ಯವಾಗಿ ಕನಿಷ್ಠ ೧೫ ದಿನಗಳ ಸೂಚನೆ ಕೊಡಬೇಕೆಂದೂ, ಸೇವೆಯನ್ನು ತಡೆಹಿಡಿದರೆ ಕಾರಣವನ್ನು ತಿಳಿಸಬೇಕೆಂದೂ ವಿಧಿಸಿತು. ಇವುಗಳಲ್ಲಿ ಪಾಲನ್ನು ಹೆಚ್ಚಿಸಬೇಕೆಂಬ ಮಾತಿಗಿಂತ ನಿಯಮವು ತಿಳಿದಿರಬೇಕು, ಕಾರಣವು ಹೇಳಲ್ಪಡಬೇಕು ಎಂಬ ಮಾತೇ ಮುಂದಾಗಿರುವುದು ಅರ್ಥಗರ್ಭಿತವಾಗಿದೆ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಈ ವೃತ್ತಿಯನ್ನು ಆಶಿಸುವವರು ಹಲವರಿದ್ದಾರೆ. ಅವರನ್ನು ನಿರುತ್ಸಾಹಗೊಳಿಸುವುದು ಈ ಲೇಖನದ ಉದ್ದೇಶವಲ್ಲ. ಕ್ಯಾಮೆರ, ಧ್ವನಿ, ಸಂಕಲನಗಳನ್ನು ಕಲಿಯುವಷ್ಟೇ ಶ್ರದ್ಧೆಯಿಂದ ತಾವು ಒಪ್ಪುವ ಕರಾರನ್ನೂ ಅವರು ಓದಬೇಕು. ಶೇಕಡ ಎಷ್ಟು ಎಂಬುದನ್ನು ಕೇಳುವ ಮೊದಲು, ಆ ಶೇಕಡವು ಯಾರಿಗೆ, ಎಲ್ಲಿಯವರೆಗೆ, ಯಾರ ಇಚ್ಛೆಯ ಮೇಲೆ ಎಂಬುದನ್ನು ಕೇಳಬೇಕು. ಕನ್ನಡದ, ತುಳುವಿನ, ಕೊಡವದ ಎಷ್ಟೋ ಹಾಡು, ಪಾಕ, ಪ್ರಸಂಗಗಳು ಇಂದು ಈ ವಾಹಿನಿಗಳಲ್ಲಿಯೇ ಸಂಗ್ರಹವಾಗುತ್ತಿರುವುದರಿಂದ, ಅವುಗಳನ್ನು ನಡೆಸುವವರ ಅನ್ನದ ಪ್ರಶ್ನೆಯು ಭಾಷೆಯ ಪ್ರಶ್ನೆಯೂ ಆಗಿದೆ.