ಅಗ್ಗದ ಲೆನ್ಸಿನ ದೊಡ್ಡ ಮನೆತನ

ಹಣ ಕೂಡಿಸಿ ಕ್ಯಾಮೆರಾ ಕೊಂಡ ಹೊಸಬರು ಲೆನ್ಸುಗಳ ಬೆಲೆಪಟ್ಟಿ ನೋಡಿ ಕಂಗಾಲಾಗುವುದುಂಟು. ಒಳ್ಳೆಯ ಚಿತ್ರಕ್ಕೆ ದುಬಾರಿ ಲೆನ್ಸೇ ಬೇಕು, ಅಗ್ಗವಾದದ್ದೆಲ್ಲ ಕಳಪೆ ಎಂಬ ನಂಬಿಕೆ ಅವರಲ್ಲಿ ಬೇರೂರಿದೆ. ಎಷ್ಟೋ ಮಂದಿ ಇದೇ ಕಾರಣಕ್ಕೆ ಹವ್ಯಾಸವನ್ನು ಅರ್ಧಕ್ಕೇ ಕೈಬಿಡುತ್ತಾರೆ. ಆದರೆ ಬೆಲೆಪಟ್ಟಿಯ ಕೆಳತುದಿಯಲ್ಲಿ ಸಾಮಾನ್ಯವಾಗಿ ಕಾಣುವ, ಜೂಮ್ ಇಲ್ಲದ 50 ಮಿ.ಮೀ. ಲೆನ್ಸ್ ಈ ನಂಬಿಕೆಯನ್ನು ಸುಳ್ಳಾಗಿಸುತ್ತದೆ. ಅದು ಅಗ್ಗವಾದದ್ದು ಗುಣದ ಕೊರತೆಯಿಂದಲ್ಲ. ಅದರ ಕಾರಣ ತಿಳಿಯಲು ನೂರು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು.

1896ರಲ್ಲಿ ಜರ್ಮನಿಯ ಯೇನಾ ಪಟ್ಟಣದ ಜೈಸ್ ಸಂಸ್ಥೆಯಲ್ಲಿ ಪೌಲ್ ರುಡಾಲ್ಫ್ ಎಂಬ ತಜ್ಞ 'ಪ್ಲಾನಾರ್' ಎಂಬ ಲೆನ್ಸನ್ನು ರೂಪಿಸಿದ. ಅದರಲ್ಲಿ ಆರು ಗಾಜಿನ ಬಿಲ್ಲೆಗಳು. ನಡುವಿನ ರಂಧ್ರದ ಆಚೀಚೆ ಮೂರು ಮೂರರಂತೆ, ಕನ್ನಡಿಯ ಬಿಂಬ ಪ್ರತಿಬಿಂಬದ ಹಾಗೆ ಜೋಡಣೆ. ಒಂದು ಬದಿಯ ದೋಷಗಳಲ್ಲಿ ಹಲವನ್ನು ಇನ್ನೊಂದು ಬದಿ ಸರಿದೂಗಿಸುವುದು ಇದರ ಜಾಣ್ಮೆ. ಆದರೂ ಆ ಕಾಲಕ್ಕೆ ಅದು ಹೆಚ್ಚು ಚಲಾವಣೆಗೆ ಬರಲಿಲ್ಲ. ಗಾಜು ಮತ್ತು ಗಾಳಿ ಸಂಧಿಸುವ ಪ್ರತಿ ಮೇಲ್ಮೈಯಲ್ಲೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ಪ್ರತಿಫಲಿಸುತ್ತದೆ. ಪ್ಲಾನಾರ್‌ನಲ್ಲಿ ಅಂಥ ಎಂಟು ಮೇಲ್ಮೈಗಳಿದ್ದವು. ಹೀಗೆ ಒಳಗೊಳಗೇ ಪುಟಿದ ಬೆಳಕು ಚಿತ್ರವನ್ನು ಮಬ್ಬಾಗಿಸುತ್ತಿತ್ತು. ಸ್ವತಃ ರುಡಾಲ್ಫ್ 1902ರಲ್ಲಿ ನಾಲ್ಕೇ ಬಿಲ್ಲೆಗಳ 'ಟೆಸ್ಸಾರ್' ರೂಪಿಸಿದಾಗ ಜನ ಅದನ್ನು ಒಪ್ಪಿಕೊಂಡರು.

ಈ ತೊಡಕನ್ನು ಬಿಡಿಸಿದ್ದು ಅದೇ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ. ಗಾಜಿಗೆ ಅತಿ ತೆಳುವಾದ ಲೇಪ ಬಳಿದು ಪ್ರತಿಫಲನ ತಗ್ಗಿಸುವ ವಿಧಾನವನ್ನು ಆತ 1935ರಲ್ಲಿ ಕಂಡುಹಿಡಿದ. ಎರಡನೇ ಮಹಾಯುದ್ಧದ ನಂತರ ಈ ಲೇಪ ಎಲ್ಲೆಡೆ ಬಳಕೆಗೆ ಬಂದು, ಮೂಲೆ ಸೇರಿದ್ದ ಹಳೆಯ ವಿನ್ಯಾಸಕ್ಕೆ ಮರುಹುಟ್ಟು ದೊರೆಯಿತು.

ಇನ್ನು 50ರ ಸಂಖ್ಯೆ ಬಂದದ್ದು ಲೈಕಾ ಕ್ಯಾಮೆರಾದಿಂದ. ಸಿನಿಮಾ ಫಿಲ್ಮನ್ನೇ ಬಳಸುವ ಈ ಪುಟ್ಟ ಕ್ಯಾಮೆರಾವನ್ನು ಆಸ್ಕರ್ ಬಾರ್ನಾಕ್ ರೂಪಿಸಿದ. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದು ಜನರೆದುರು ಬಂದಾಗ ಮ್ಯಾಕ್ಸ್ ಬೆರೆಕ್ ಲೆಕ್ಕಹಾಕಿದ 50 ಮಿ.ಮೀ. ಲೆನ್ಸ್ ಅದರಲ್ಲಿತ್ತು. 24x36 ಮಿ.ಮೀ. ಚೌಕಟ್ಟಿನ ಕರ್ಣ ಸುಮಾರು 43 ಮಿ.ಮೀ. ಲೆನ್ಸಿನ ಸಂಗಮದೂರ ಈ ಅಳತೆಗೆ ಹತ್ತಿರವಿದ್ದರೆ ದೃಶ್ಯ ಹಿಗ್ಗದೆ ಕುಗ್ಗದೆ ಸಹಜವಾಗಿ ಕಾಣುತ್ತದೆ.

ಮುಂದೆ ಬಂದ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಏಳುವ ಬೀಳುವ ಕನ್ನಡಿಗೆ ಜಾಗ ಬೇಕಾಯಿತು. ವಿಶಾಲ ನೋಟದ ಲೆನ್ಸಿಗೆ ಇದರಿಂದ ಹೆಚ್ಚುವರಿ ಗಾಜು, ತೊಡಕಿನ ಜೋಡಣೆ ಅನಿವಾರ್ಯವಾದವು. ದೂರದ್ದನ್ನು ಹತ್ತಿರಕ್ಕೆ ತರುವ ಲೆನ್ಸಿಗೆ ದೊಡ್ಡ ಗಾಜು ಬೇಕು. ನಡುವೆ ನಿಂತ 50ಕ್ಕೆ ಈ ಎರಡು ಕಷ್ಟವೂ ಇಲ್ಲ. ಸಾಲದ್ದಕ್ಕೆ, ದಶಕಗಳ ಕಾಲ ಎಸ್‌ಎಲ್‌ಆರ್ ಕೊಂಡವರಿಗೆ ಜೊತೆಯಲ್ಲಿ ಸಿಗುತ್ತಿದ್ದುದು ಸಾಮಾನ್ಯವಾಗಿ ಇದೇ ಲೆನ್ಸ್. ಲಕ್ಷಗಟ್ಟಲೆ ತಯಾರಾದ ಸರಕಿನ ಬೆಲೆ ಇಳಿಯದೆ ಇದ್ದೀತೆ?

1980ರ ದಶಕದ ಕೊನೆಯ ಹೊತ್ತಿಗೆ ಆ ಜಾಗವನ್ನು ಸಣ್ಣ ಜೂಮ್ ಲೆನ್ಸುಗಳು ಆಕ್ರಮಿಸತೊಡಗಿದವು. 50 ಮಾತ್ರ ಇನ್ನಷ್ಟು ಅಗ್ಗವಾಯಿತು. 1990ರಲ್ಲಿ ಕ್ಯಾನನ್ ಹೊರತಂದ ಎಫ್ 1.8 ಲೆನ್ಸಿನ ಮೈಯೂ, ಕ್ಯಾಮೆರಾಕ್ಕೆ ಕೂರುವ ಬಳೆಯೂ ಪ್ಲಾಸ್ಟಿಕ್. ತೂಕ ಬರೀ 130 ಗ್ರಾಂ. ಆದರೆ ಒಳಗಿದ್ದುದು ರುಡಾಲ್ಫನ ವಂಶದ್ದೇ ಆದ ಆರು ಬಿಲ್ಲೆಗಳು. ಉಳಿತಾಯ ನಡೆದದ್ದು ಹೊರಕವಚದಲ್ಲಿ.

ಎಫ್ ಸಂಖ್ಯೆ ಕಿರಿದಾದಷ್ಟೂ ಬೆಳಕಿನ ಬಾಗಿಲು ಹಿರಿದು. ಕ್ಯಾಮೆರಾದ ಜೊತೆ ಬರುವ ಜೂಮ್ ಲೆನ್ಸುಗಳಲ್ಲಿ ಹಲವು 55 ಮಿ.ಮೀ. ತುದಿಯಲ್ಲಿ ಎಫ್ 5.6ಕ್ಕೆ ನಿಲ್ಲುತ್ತವೆ. ಎಫ್ 1.8 ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಮಂದ ದೀಪದಲ್ಲಿ ನಡೆಯುವ ಮನೆಯ ಪೂಜೆಯನ್ನೋ, ಒಲೆಯ ಮುಂದೆ ಕುಳಿತ ಅಜ್ಜಿಯನ್ನೋ ಫ್ಲ್ಯಾಶ್ ಇಲ್ಲದೆ ಹಿಡಿಯಬೇಕೆನ್ನುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ಒಂದು ಎಚ್ಚರ ಅಗತ್ಯ. ಅನೇಕ ಡಿಜಿಟಲ್ ಕ್ಯಾಮೆರಾಗಳ ಸಂವೇದಕ ಹಳೆಯ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು. ಅವುಗಳಲ್ಲಿ 50ರ ನೋಟ 75ರಿಂದ 80 ಮಿ.ಮೀ. ಲೆನ್ಸಿನಷ್ಟು ಕಿರಿದಾಗುತ್ತದೆ, ಮುಖಚಿತ್ರಕ್ಕೆ ಸೊಗಸು, ಇಕ್ಕಟ್ಟಾದ ಕೋಣೆಗೆ ತೊಂದರೆ. ಅಂಥ ಕ್ಯಾಮೆರಾಕ್ಕೆಂದೇ ನಿಕಾನ್ 2009ರಲ್ಲಿ 35 ಮಿ.ಮೀ. ಎಫ್ 1.8 ಲೆನ್ಸನ್ನು ತಂದಿತು. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ಒಂದು ಬಳೆ ಜೋಡಿಸಿ ಅಜ್ಜನ ಕಾಲದ ಲೆನ್ಸನ್ನೂ ಹಾಕಬಹುದು. ಫೋಕಸ್ ಮಾತ್ರ ಕೈಯಿಂದಲೇ ತಿರುಗಿಸಬೇಕು. ಹಳೆಯದನ್ನು ಕೊಳ್ಳುವವರು ಬೆಳಕಿಗೆ ಹಿಡಿದು ಒಳಗೆ ಜೇಡರಬಲೆಯಂತೆ ಹಬ್ಬಿದ ಬೂಷ್ಟು ಇದೆಯೇ ಎಂದು ಪರೀಕ್ಷಿಸಬೇಕು. ತೇವದ ಮಳೆಗಾಲವಿರುವ ಊರುಗಳಲ್ಲಿ ಲೆನ್ಸಿಗೆ ಅದೇ ದೊಡ್ಡ ಶತ್ರು.

ಕ್ಯಾಮೆರಾ ಹಿಡಿಯಲು ಹೊರಟ ಹೊಸಬರು ಬೆಲೆಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಲೇಸು.