ಟಿಗ್ ಬೆಸುಗೆಗೆ ಎರಡು ಬಗೆಯ ವಿದ್ಯುತ್ತು ಏಕೆ?

ವರ್ಕ್‌ಶಾಪ್ ಮಾಲೀಕನೊಬ್ಬ ಟಿಗ್ ವೆಲ್ಡಿಂಗ್ ಯಂತ್ರ ಕೊಳ್ಳಲು ಹೋದರೆ ಎರಡು ಬಗೆಯವು ಎದುರಾಗುತ್ತವೆ. ಒಂದು ಡಿ.ಸಿ. ವಿದ್ಯುತ್ತನ್ನು ಮಾತ್ರ ಕೊಡುತ್ತದೆ, ಇನ್ನೊಂದು ಎ.ಸಿ., ಡಿ.ಸಿ. ಎರಡನ್ನೂ. ಎರಡನೆಯದರ ಬೆಲೆ ಹೆಚ್ಚು. ಅಗ್ಗದ್ದನ್ನು ತಂದವನು ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗನ್ನು ಅಂದವಾಗಿ ಬೆಸೆಯಬಲ್ಲ. ಅಲ್ಯೂಮಿನಿಯಂ ಕೆಲಸ ಬಂದ ದಿನ ಕೈಚೆಲ್ಲಿ ಕೂರುತ್ತಾನೆ. ಈ ಭೇದದ ಕಾರಣ ತಿಳಿಯಲು ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗಬೇಕು.

ಆಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಾರ್ಥ್ರಾಪ್ ಕಂಪೆನಿ ಮೆಗ್ನೀಸಿಯಂ ಲೋಹದಿಂದ ಯುದ್ಧವಿಮಾನ ಕಟ್ಟಲು ಹೊರಟಿತ್ತು. ಅಲ್ಯೂಮಿನಿಯಂಗಿಂತಲೂ ಹಗುರವಾದ ಈ ಲೋಹ, ಕಾದಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಹತ್ತಿ ಉರಿಯುತ್ತದೆ. ಇದನ್ನು ಬೆಸೆಯುವುದು ಹೇಗೆ? ಕಂಪೆನಿಯ ರಸೆಲ್ ಮೆರಿಡಿತ್ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಜ್ವಾಲೆ ಹೊಮ್ಮಿಸಿ, ಅದರ ಸುತ್ತ ಹೀಲಿಯಂ ಹರಿಸಿದ. 3,400 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಕರಗುವ ಲೋಹ ಟಂಗ್‌ಸ್ಟನ್. ಯಾವುದರೊಡನೆಯೂ ಬೆರೆಯದ ಹೀಲಿಯಂ, ಕರಗಿದ ಲೋಹಕ್ಕೆ ಗಾಳಿ ತಾಕದಂತೆ ಕಾಯಿತು. ಜಡ ಅನಿಲದ ಆಸರೆಯಲ್ಲಿ ಬೆಸೆಯುವ ವಿಚಾರಕ್ಕೆ ಹಾಬರ್ಟ್ ಮತ್ತು ಡೆವರ್ಸ್ ಎಂಬವರು 1930ರಲ್ಲೇ ಪೇಟೆಂಟ್ ಪಡೆದಿದ್ದರು. ಅದನ್ನು ಕಾರ್ಖಾನೆಯ ಉಪಯೋಗಕ್ಕೆ ತಂದ ಮೆರಿಡಿತ್‌ಗೆ 1942ರಲ್ಲಿ ಪೇಟೆಂಟ್ ದೊರೆಯಿತು. ಎಕ್ಸ್‌ಪಿ-56 ಎಂಬ ಆ ವಿಮಾನ 1943ರಲ್ಲಿ ಹಾರಿತು. ತಯಾರಾದದ್ದು ಎರಡೇ, ವಿಮಾನ ಮರೆಯಾಯಿತು, ಬೆಸುಗೆ ಉಳಿಯಿತು.

ಆದರೆ ಒಂದು ತೊಡಕಿತ್ತು. ಮೊದಲು ಡಿ.ಸಿ. ವಿದ್ಯುತ್ತಿನಲ್ಲಿ ಕಡ್ಡಿಯನ್ನು ಧನಧ್ರುವವಾಗಿಸಿದಾಗ ಕಡ್ಡಿಯೇ ಅತಿಯಾಗಿ ಕಾದು, ಅದರ ಕಣಗಳು ಬೆಸುಗೆಯೊಳಗೆ ಬಿದ್ದವು. ಋಣಧ್ರುವವಾಗಿಸಿದಾಗ ಕಡ್ಡಿ ಉಳಿಯಿತು, ಶಾಖದ ಹೆಚ್ಚಿನ ಪಾಲು ಲೋಹಕ್ಕೇ ಸೇರಿತು. ಸ್ಟೇನ್‌ಲೆಸ್ ಸ್ಟೀಲಿಗೆ ಇದು ಸರಿಹೊಂದಿತು. ಇಂದಿಗೂ ಅದೇ ಕ್ರಮ. ಅಲ್ಯೂಮಿನಿಯಂಗೆ ಮಾತ್ರ ಒಗ್ಗಲಿಲ್ಲ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಮೀರಿದ ಶಾಖ ಬೇಕು. ಒಳಗೆ ಲೋಹ ನೀರಾದರೂ ಹೊರಗಿನ ಪೊರೆ ಚೀಲದಂತೆ ಹಿಡಿದು ನಿಲ್ಲುತ್ತದೆ.

ಇದಕ್ಕೆ ದೊರೆತ ಪರಿಹಾರವೇ ಎ.ಸಿ. ಈ ವಿದ್ಯುತ್ತು ದಿಕ್ಕು ಬದಲಿಸುತ್ತಲೇ ಇರುತ್ತದೆ. ಕಡ್ಡಿ ಧನಧ್ರುವವಾದ ಗಳಿಗೆಯಲ್ಲಿ ಪೊರೆ ಒಡೆದು ಚದುರುತ್ತದೆ. ಋಣಧ್ರುವವಾದ ಗಳಿಗೆಯಲ್ಲಿ ಲೋಹ ಕಾಯುತ್ತದೆ, ಕಡ್ಡಿ ತಣಿಯುತ್ತದೆ. ದಿಕ್ಕು ಬದಲಾಗುವಾಗ ಜ್ವಾಲೆ ಆರದಂತೆ ಹೆಚ್ಚಿನ ಆವರ್ತನದ ವಿದ್ಯುತ್ತನ್ನೂ ಸೇರಿಸಲಾಯಿತು. ಮುಂದೆ ಇನ್ವರ್ಟರ್ ಯಂತ್ರಗಳು ಬಂದು, ಈ ಎರಡು ಗಳಿಗೆಗಳ ಪಾಲನ್ನು ಬೇಕಾದಂತೆ ಹೊಂದಿಸುವ ಅನುಕೂಲವಾಯಿತು. ಹೀಲಿಯಂನ ಜಾಗವನ್ನು ಬಹುಮಟ್ಟಿಗೆ ಗಾಳಿಯಿಂದಲೇ ಬೇರ್ಪಡಿಸುವ ಆರ್ಗಾನ್ ಹಿಡಿಯಿತು. ಗ್ರೀಕ್ ಮೂಲದ ಆ ಹೆಸರಿಗೆ 'ಸೋಮಾರಿ' ಎಂದರ್ಥ!

ಆದ್ದರಿಂದ ಸ್ಟೀಲಿನ ಕೆಲಸವಷ್ಟೇ ಇದ್ದರೆ ಡಿ.ಸಿ. ಯಂತ್ರ ಸಾಕು, ಹೆಚ್ಚಿನ ಹಣ ಸುರಿಯಬೇಕಿಲ್ಲ. ಅಲ್ಯೂಮಿನಿಯಂ ಕೂಡ ಬರುವುದಾದರೆ ಎರಡೂ ಇರುವ ಯಂತ್ರವೇ ಬೇಕು. ಅಂಗಡಿಯವನನ್ನು ಬೆಲೆ ಕೇಳುವ ಮುನ್ನ, ತನ್ನ ಶೆಡ್ಡಿಗೆ ಬರುವ ಲೋಹ ಯಾವುದೆಂದು ತನ್ನನ್ನೇ ಕೇಳಿಕೊಳ್ಳುವುದು ಲೇಸು.